ದುಂಡ್ಯಾ ಅಳಿಸಿದ ನಾಳೆ

ಕತೆಗೆ ಮುಂಚೆ ಒಂದು ಮಾತು. ನಾನು ಹೇಳುತ್ತಾ ಹೋಗುತ್ತೇನೆ, ನೀವು ಹೂಂ ಅನ್ನುತ್ತಾ ಬನ್ನಿ. ಹೂಂಗುಟ್ಟುವವರಿಲ್ಲದಿದ್ದರೆ ಕತೆ ಗಂಟಲಲ್ಲೇ ಒಣಗುತ್ತದೆ. ಆದರೆ ಒಬ್ಬರಿಗೆ ಒಂದೇ ಹೂಂ. ಇಲ್ಲಿ ಹದಿನಾಲ್ಕು ಮಂದಿ ಕೂತಿದ್ದೀರಿ, ಹದಿನಾಲ್ಕೇ ಹೂಂ ಬರಬೇಕು. ನಾನು ಎಣಿಸುತ್ತಿರುತ್ತೇನೆ.

ಒಂದು ಹೊಳೆ. ಹೊಳೆದಂಡೆಗೆ ಒಂದು ಊರು. ಊರಿನ ಕಡೆಯ ಮನೆ ಕಾಶವ್ವನದು. ಕಾಶವ್ವನಿಗೆ ಒಬ್ಬನೇ ಮಗ, ದುಂಡ್ಯಾ. ವಯಸ್ಸು ಮೂವತ್ತಕ್ಕೆ ಬಂದಿತ್ತು, ಬುದ್ಧಿ ಮೂರಕ್ಕೇ ನಿಂತಿತ್ತು. ಕೆಟ್ಟವನಲ್ಲ, ಮೈಗಳ್ಳನಲ್ಲ, ಹೇಳಿದ ಮಾತು ಮೀರುವವನಂತೂ ಅಲ್ಲವೇ ಅಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಬಾಗಲಾ ನೋಡ್ಕೋತ ಕುಂಡ್ರು" ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಹಿತ್ತಲಿನಿಂದ ನಾಯಿ ನುಗ್ಗಿ ರೊಟ್ಟಿಬುಟ್ಟಿ ಎಳೆದೊಯ್ದರೂ ಕತ್ತು ತಿರುಗಿಸುತ್ತಿರಲಿಲ್ಲ.

"ನನ್ನ ಹೊಟ್ಟ್ಯಾಗ ಎಂಥಾ ಕಲ್ಲು ಹುಟ್ಟಿತೋ!" ಅಂತ ಕಾಶವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

"ಎಂಥಾ ಕಲ್ಲು ಯವ್ವಾ? ಬೀಸೂ ಕಲ್ಲೋ, ಒಳಕಲ್ಲೋ?" ಅಂತ ದುಂಡ್ಯಾ ಕೇಳುತ್ತಿದ್ದ.

ಗಂಡ ಸಿದರಾಯ ಇರುವಾಗ ಇದೆಲ್ಲ ನಗೆಯ ಮಾತು. ಆ ವರ್ಷ ಶ್ರಾವಣದಲ್ಲಿ ಹೊಳೆ ಉಕ್ಕಿತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ ಅಂತ ಡಂಗುರ ಸಾರುವಷ್ಟರಲ್ಲಿ ಕಬ್ಬಿನಲ್ಲಿ ಎದೆಮಟ್ಟ ನೀರು. "ಮೋಟರ್ ಬಿಚ್ಚಿಕೊಂಡು ಬಂದೆ" ಅಂತ ಸಿದರಾಯ ಹೊಲಕ್ಕೆ ಓಡಿದ. ಮೋಟರೂ ಬರಲಿಲ್ಲ, ಸಿದರಾಯನೂ ಬರಲಿಲ್ಲ. ನೀರು ಇಳಿಯಿತು, ಹೆಣ ಸಿಗಲಿಲ್ಲ. ಹೆಣ ಇಲ್ಲದೆ ಮಣ್ಣು ಮಾಡುವುದು ಹೇಗೆ, ಬಳೆ ಒಡೆಯುವುದು ಹೇಗೆ? ಕಾಶವ್ವನ ಕೈಯಲ್ಲಿ ಹಸಿರು ಬಳೆ ಹಾಗೇ ಉಳಿದವು. ಅತ್ತರೆ "ಮುತ್ತೈದಿ, ಅಳಬ್ಯಾಡ" ಅನ್ನುವರು. ಕುಂಕುಮ ಹಚ್ಚಿಕೊಂಡರೆ ಮುಖ ತಿರುಗಿಸುವರು. ಪಾಪ, ಅವಳ ಸಂಕಟ ಅವಳಿಗೇ ಗೊತ್ತು.

ಹೊಲದ ಮೇಲೆ ಮೊಳಕಾಲುದ್ದ ಉಸುಕು ಬಿದ್ದಿತ್ತು. ಸರಕಾರದಿಂದ ನೆರೆ ಪರಿಹಾರ ಬರುತ್ತದೆ ಅಂತ ಸುದ್ದಿಯಾಯಿತು. ಬಂದರೆ ಉಸುಕು ತೆಗೆಸಿ ಹಿಂಗಾರಿ ಜೋಳ ಬಿತ್ತಬಹುದು. ಬರದಿದ್ದರೆ ಹೊಲವನ್ನೂ ಹೊಳೆಗೇ ಬಿಟ್ಟ ಹಾಗೆ. ಗಂಡನನ್ನು ನುಂಗಿದ ಹೊಳೆ ಅವನು ಉತ್ತ ಹೊಲವನ್ನೂ ನುಂಗಬಾರದು ಅಂತ ಕಾಶವ್ವ ಹಟ ಹಿಡಿದಳು.

ಹಾಳಾದ ಬೆಳೆ ನೋಡಲು ಸಾಹೇಬರು ಬರುವ ದಿನ ಗೊತ್ತಾಯಿತು. ಕಾಶವ್ವ ಮಗನಿಗೆ ಹೇಳಿದಳು: "ದೊಡ್ಡ ಮಂದಿ ಬರ್ತಾರ. ಹೊಲಕ್ಕ ಹೋಗಿ ಒಂದೀಟ ಹಸನ ಮಾಡು, ಅವರಿಗೆ ಕಾಲಿಡಾಕ ಜಾಗಾ ಆಗ್ಲಿ."

ದುಂಡ್ಯಾ ಹೋದ. ಕೊಳೆತ ಕಬ್ಬೆಲ್ಲ ಕಿತ್ತ, ಹೊಳೆಗೆ ಎಸೆದ. ಸತ್ತ ಹಾವು, ಮುರಿದ ಪೈಪು, ಹರಿದ ಬೇಲಿ, ಎಲ್ಲ ಎಸೆದ. ಉಸುಕನ್ನು ಕಸಬರಿಗೆ ತಗೊಂಡು ಸಪಾಟಾಗಿ ಗುಡಿಸಿದ. ಸಾಹೇಬರು ಬಂದರು, ನೋಡಿದರು.

"ಇಲ್ಲೇನು ಹಾಳಾಗೇತೋ? ಅಂಗಳ ಇದ್ದಂಗೈತಿ!"

"ಹೂಂರಿ! ಹಸನ ಮಾಡೇನ್ರಿ!"

ಸಾಹೇಬರು ಕಾಗದದ ಮೇಲೆ ಗೀಟು ಎಳೆದು ಹೋದರು. ಕಾಶವ್ವ ಕಸಬರಿಗೆ ತಗೊಂಡೇ ಬೆನ್ನಟ್ಟಿದಳು. "ಖೋಡಿ! ಹಾಳಾದದ್ದನ್ನ ಮುಚ್ಚಿಡತಾರೇನೋ? ಹೊಳಿ ಏನೇನು ಹಾಳ ಮಾಡೇತಿ, ಎಲ್ಲಾ ಒಯ್ದು ಸಾಹೇಬನ ಮುಂದ ಇಡಬೇಕು!"

"ಇಷ್ಟ ಹೌದಲ್ಲ? ಇಡ್ತೇನಿ ತಗೋ!" ಅಂದ ದುಂಡ್ಯಾ.

ಮರುದಿನ ಒಂದು ಚೀಲ ಹೊತ್ತು ತಾಲ್ಲೂಕಿನ ಕಚೇರಿಗೆ ಹೋದ. ಕಾರಕೂನನ ಮೇಜಿನ ಮೇಲೆ ಒಂದೊಂದೇ ತೆಗೆದು ಇಟ್ಟ. ಕೊಳೆತ ಕಬ್ಬಿನ ಜಲ್ಲೆ ಇಟ್ಟ. ಒಂದು ಬೊಗಸೆ ಕೆಸರು ಇಟ್ಟ. ಉಬ್ಬಿದ ಕೋಳಿ ಇಟ್ಟ. ಕಡೆಗೆ, ದಂಡೆಯ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿದ್ದ ಅಪ್ಪನ ರುಮಾಲು ಇಟ್ಟ.

"ಏನೋ ಇದು!" ಅಂತ ಕಾರಕೂನ ಮೂಗು ಮುಚ್ಚಿಕೊಂಡು ಕುರ್ಚಿ ಹತ್ತಿದ.

"ಹೊಳಿ ಹಾಳ ಮಾಡಿದ್ದು ಸಾಹೇಬ್ರ! ಇನ್ನ ಒಂದು ಎಮ್ಮಿ ಐತಿ, ಹೊರಾಕ ಆಗಲಿಲ್ಲ!"

ಹೊರಗೆ ನೂಕಿಸಿಕೊಂಡು ಮನೆಗೆ ಬಂದ. ಬೈಯಲು ಬಾಯಿ ತೆಗೆದ ಕಾಶವ್ವನ ಕಣ್ಣಿಗೆ ಅವನ ಕೈಯಲ್ಲಿದ್ದ ರುಮಾಲು ಬಿತ್ತು. ಅದರ ಅಂಚಿನ ಕೆಂಪು ದಾರ ಅವಳೇ ಹೊಲಿದದ್ದು. ಮುಟ್ಟಿ ನೋಡಿದಳು. ನೀರು ಇಳಿದು ತಿಂಗಳಾಗಿತ್ತು, ಇಷ್ಟು ದಿನ ಸುಡುವ ಬಿಸಿಲಿತ್ತು. ರುಮಾಲು ಒದ್ದೆಯಾಗಿತ್ತು. ಹಿಂಡಿದಳು, ನೀರು ಬಂತು. ಮತ್ತೆ ಹಿಂಡಿದಳು, ಮತ್ತೆ ಬಂತು. ಹಗ್ಗದ ಮೇಲೆ ಹಾಕಿದಳು. ಟಪ್, ಟಪ್ ಅಂತ ತೊಟ್ಟಿಕ್ಕುತ್ತಲೇ ಇತ್ತು. ಹೊಳೆಯ ಸಾಮಾನು ಮನೆಯಲ್ಲಿಟ್ಟರೆ ಅದನ್ನು ಕೇಳಿಕೊಂಡು ಹೊಳೆಯವರು ಬರುತ್ತಾರೆ ಅನ್ನುವುದು ಆ ಸೀಮೆಯ ಮಾತು.

"ಎಲ್ಲಿಂದ ತಂದಿಯೋ ಅಲ್ಲೇ ಬಿಟ್ಟು ಬಾ! ಕೆಲಸ ಮುಗದ ಮ್ಯಾಲ ಹೊಳಿದು ಹೊಳಿಗಿ, ಮನ್ಯಾಗ ಇಟಗೋಬಾರದು! ಇನ್ನ ಮ್ಯಾಲ ಕಚೇರ್ಯಾಗ ನಿನ್ನ ಶ್ಯಾಣ್ಯಾತನ ತೋರಸಬ್ಯಾಡ. ಅವರು ಏನು ಹೇಳ್ತಾರ, ಅಷ್ಟ ಮಾಡು!"

"ಇಷ್ಟ ಹೌದಲ್ಲ? ಮಾಡ್ತೇನಿ ತಗೋ!"

ದುಂಡ್ಯಾ ರುಮಾಲನ್ನು ಹೊಳೆಗೆ ಬಿಟ್ಟು ಬಂದು, ಮರುದಿನ ಕಚೇರಿಗೆ ಹೋದ. ಕಾರಕೂನ "ನಾಳೆ ಬಾ" ಅಂದ. ನಾಳೆ ಹೋದ. "ನಾಳೆ ಬಾ" ಅಂದ. ಅದರ ಮರುದಿನ ಹೋದ. "ನಾಳೆ ಬಾ." ಎಂಟು ದಿನ ಹೀಗೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಒಂಬತ್ತನೆಯ ದಿನ ಕಾರಕೂನನಿಗೇ ಸಾಕಾಗಿ, ಸಾಹೇಬರು ಗೀಟು ಎಳೆದದ್ದನ್ನು ಬದಿಗಿಟ್ಟು ಹೊಸ ಕಾಗದ ತೆಗೆದ.

"ಹೊಲ ಯಾರ ಹೆಸರಿಲೆ ಐತಿ?"

"ನಮ್ಮಪ್ಪಂದು, ಸಿದರಾಯಂದು."

"ಹಂಗಾರ ಅವನ ಬೆರಳು ಬೇಕು, ಈ ಮಷೀನಿನ ಮ್ಯಾಲ ಒತ್ತಬೇಕು. ನಿಂದು ನಡೆಯಂಗಿಲ್ಲ."

"ಅವ ಹೊಳ್ಯಾಗ ಹೋಗ್ಯಾನ್ರಿ."

"ಹೆಣ ಸಿಕ್ಕೇತೇನು?"

"ಇಲ್ರಿ."

"ಅಂದಮ್ಯಾಲ ನಮ್ಮ ಕಾಗದದಾಗ ಅವ ಬದುಕ್ಯಾನ. ಕರಕೊಂಡು ಬಾ."

ಅವರು ಏನು ಹೇಳ್ತಾರ, ಅಷ್ಟ ಮಾಡು ಅಂದಿದ್ದಳಲ್ಲ ಅವ್ವ? ದುಂಡ್ಯಾ ಕಚೇರಿಯಿಂದ ನೆಟ್ಟಗೆ ಹೊಳೆಗೆ ಹೋದ. ದಂಡೆಯ ಮೇಲೆ ನಿಂತು ಬಾಯಿಗೆ ಕೈ ಹಿಡಿದ. "ಅಪ್ಪಾ! ಏ ಸಿದರಾಯಪ್ಪಾ! ಕಚೇರ್ಯಾಗ ಕರ್ಯಾಕತ್ತಾರ, ಬಾ!" ಮೂರು ಸಲ ಕೂಗಿದ. ಮೊದಲ ಸಲ ಕೂಗಿದಾಗ ಕಪ್ಪೆಗಳ ಸದ್ದು ನಿಂತಿತು. ಎರಡನೆಯ ಸಲ ಗಾಳಿ ನಿಂತಿತು. ಮೂರನೆಯ ಸಲ ಕೂಗಿದಾಗ, ಹರಿಯುವ ಹೊಳೆ ಒಂದು ಗಳಿಗೆ ಹರಿಯುವುದನ್ನೇ ನಿಲ್ಲಿಸಿ ಕಿವಿಗೊಟ್ಟಿತು.

ಮನೆಗೆ ಬಂದು ಇದನ್ನು ಹೇಳಿದಾಗ ಕಾಶವ್ವನ ಕೈಯ ರೊಟ್ಟಿ ಹಂಚಿನ ಮೇಲೇ ಸುಟ್ಟಿತು. "ಹೊಳಿಗಿ ಹೋದಾವರನ್ನ ಹೆಸರು ಹಿಡದು ಕರೀತಾರೇನೋ, ಮಂಗ್ಯಾ!"

ಮರುದಿನ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಬಾಗಿಲ ಆಚೆ ಟಪ್, ಟಪ್ ಅಂತ ನೀರು ಬೀಳುವ ಸದ್ದು. ಆಮೇಲೆ ದನಿ.

"ಕಾಶೀ."

ಅವಳನ್ನು ಕಾಶೀ ಅನ್ನುತ್ತಿದ್ದವನು ಲೋಕದಲ್ಲಿ ಒಬ್ಬನೇ. ಕಾಶವ್ವ ಬಾಗಿಲಿಗೆ ಅಂಗೈ ಒತ್ತಿ ನಿಂತಳು. ಈಚೆಯಿಂದ ಕಟ್ಟಿಗೆ ಬೆಚ್ಚಗಿತ್ತು. ನೋಡನೋಡುತ್ತ ಆಚೆಯಿಂದ ತಣ್ಣಗಾಯಿತು. ತೆಗೆಯಲೋ ಬೇಡವೋ, ತೆಗೆಯಲೋ ಬೇಡವೋ. ಅವಳು ತೆಗೆಯಲಿಲ್ಲ. ಹೊತ್ತು ವಾಲಿದ ಮೇಲೆ ನೋಡಿದರೆ ಹೊಸ್ತಿಲ ಮುಂದೆ ಎರಡು ಹೆಜ್ಜೆಯಷ್ಟು ನೀರು, ನೀರಿನಲ್ಲಿ ಒಂದು ಸಣ್ಣ ಮೀನು.

ಪಕ್ಕದ ಮನೆಯ ಮುದುಕಿ ತಂಗೆವ್ವ ಬಂದು ನೋಡಿ, ಸೆರಗು ಬಾಯಿಗೆ ಹಿಡಿದಳು. "ಬಾಗಲದ ಮ್ಯಾಲ 'ನಾಳೆ ಬಾ' ಅಂತ ಬರಸು ಕಾಶವ್ವಾ. ಅವರು ಓದತಾರ, ತಿರುಗಿ ಹೋಗ್ತಾರ. ನಾಳೆ ಬಂದ್ರ ಮತ್ತ ಅದನ್ನ ಓದತಾರ."

ಮೂರನೆಯ ತರಗತಿಯ ತನಕ ಓದಿದ್ದ ದುಂಡ್ಯಾನೇ ಇದ್ದಿಲಿನಲ್ಲಿ ದೊಡ್ಡದಾಗಿ ಬರೆದ: ನಾಳೆ ಬಾ. ಹೊಳೆಗೆ ಹೋದವರೂ ಒಂಥರಾ ದುಂಡ್ಯಾನಂಥವರೇ ನೋಡಿ, ಬರೆದದ್ದನ್ನು ಬರೆದ ಹಾಗೇ ನಂಬುತ್ತಾರೆ. ದಿನಾ ಮಧ್ಯಾಹ್ನ ಬರುವುದು, ತೊಟ್ಟಿಕ್ಕುತ್ತ ನಿಲ್ಲುವುದು, ಓದುವುದು, ಹೋಗುವುದು. ಮಗ ಕಚೇರಿಯ ಬಾಗಿಲಲ್ಲಿ "ನಾಳೆ ಬಾ" ಅನ್ನಿಸಿಕೊಂಡು ಬರುತ್ತಿದ್ದ. ಅಪ್ಪ ಮನೆಯ ಬಾಗಿಲಲ್ಲಿ "ನಾಳೆ ಬಾ" ಅನ್ನಿಸಿಕೊಂಡು ಹೋಗುತ್ತಿದ್ದ. ಕಾಶವ್ವ ಬಾಗಿಲ ಹಿಂದೆ ಕೂತು ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಹೆದರಿಕೆ ಎಷ್ಟಿತ್ತೋ, ಅವನ ಮುಖ ಒಮ್ಮೆ ನೋಡಬೇಕೆನ್ನುವ ಆಸೆಯೂ ಅಷ್ಟೇ ಇತ್ತು.

ಒಂದು ಗುರುವಾರ ದುಂಡ್ಯಾ ಸುದ್ದಿ ತಂದ. "ಯವ್ವಾ, ಬೆರಳು ಒತ್ತಾಕ ಶುಕ್ರವಾರ ಕಡೀ ದಿನ ಅಂತ. ಅದಾದ ಮ್ಯಾಲ ನಾಳೆ ಇಲ್ಲಂತ."

ಕಾಶವ್ವನಿಗೆ ತಡೆಯಲಾಗಲಿಲ್ಲ. "ನಾಳೆ ನಾಳೆ ಅಂತ ಅಂದು ಎಲ್ಲಾ ಮುಳಗಿಸಿದ್ರಿ! ಇನ್ನೊಮ್ಮೆ ಈ ಮನ್ಯಾಗ ನಾಳೆ ಅನ್ನೂದು ನನ್ನ ಕಿವಿಗಿ ಬೀಳಬಾರದು, ಕಣ್ಣಿಗಿ ಕಾಣಬಾರದು! ತಿಳೀತಿಲ್ಲ?"

"ಇಷ್ಟ ಹೌದಲ್ಲ? ಕಾಣಂಗಿಲ್ಲ ತಗೋ!"

ಶುಕ್ರವಾರ ಬೆಳಗಾಗೆದ್ದು ಕಾಶವ್ವ ಆಚೆ ಊರಿನ ಗೌಡರ ಹತ್ತಿರ ಹೋದಳು. ಗೌಡರು ಒಂದು ಮಾತು ಹೇಳಿದರೆ ಕಚೇರಿಯವರು ತನ್ನ ಬೆರಳನ್ನೇ ತಗೊಂಡಾರು ಅನ್ನುವ ಆಸೆ. ಗೌಡರು ಊರಲ್ಲಿರಲಿಲ್ಲ. ಹಗಲೆಲ್ಲ ಕಾದು ಬರಿಗೈಯಲ್ಲಿ ಸಂಜೆಗೆ ಮರಳಿದಳು.

ಬಾಗಿಲು ತೆರೆದಿತ್ತು. ಬಾಗಿಲ ಮೇಲಿನ ಅಕ್ಷರದಲ್ಲಿ "ನಾಳೆ" ಇರಲಿಲ್ಲ. ದುಂಡ್ಯಾ ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ಅಳಿಸಿದ್ದ. ಉಳಿದದ್ದು ಒಂದೇ ಅಕ್ಷರ.

ಬಾ.

ಹೊಸ್ತಿಲಿನಿಂದ ಒಳಗೆ ಒದ್ದೆ ಹೆಜ್ಜೆ. ದೇವರ ಗೂಡಿನ ತನಕ ಹೋಗಿ, ಒಲೆಯ ತನಕ ಹೋಗಿ, ಅವಳು ಮಲಗುವ ಕೌದಿಯ ಹತ್ತಿರ ಬಹಳ ಹೊತ್ತು ನಿಂತು ತಿರುಗಿದ ಹೆಜ್ಜೆ. ಕೌದಿಯ ಅಂಚು ನೆಂದಿತ್ತು.

ದುಂಡ್ಯಾ ಹಲ್ಲು ಕಿಸಿಯುತ್ತ ಬಂದ. "ಕೆಲಸ ಆತು ಯವ್ವಾ! ಅಪ್ಪ ಬಂದಿದ್ದ, ಕರಕೊಂಡು ಹೋದೆ. ದಾರ್ಯಾಗ ಒಂದು ನಾಯೀನೂ ಬೊಗಳಲಿಲ್ಲ. ಬೆರಳು ಒದ್ದಿ ಇತ್ತು, ಕಾರಕೂನ ತನ್ನ ಟಾವೆಲ್ ಕೊಟ್ಟ. ಎಷ್ಟು ಒರಸಿದ್ರೂ ಒಣಗವಲ್ದು. ಕಡೀಕ ಮಷೀನಿನ್ಯಾಗ ಹಸರ ದೀಪ ಹತ್ತಿತು!"

"ಕಾರಕೂನ ಅವನ ಮುಖ ನೋಡಲಿಲ್ಲೇನೋ?"

"ಅವ ಯಾರ ಮುಖಾನೂ ನೋಡೂದಿಲ್ಲ. ಕಾಗದ ನೋಡ್ತಾನ."

ಕಾಶವ್ವನ ದನಿ ಸಣ್ಣಗಾಯಿತು. "ಏನರ ಅಂದನೇನೋ ನಿಮ್ಮಪ್ಪ?"

"ಅಂದ. 'ನಿಮ್ಮವ್ವ ಎಲ್ಲಿ?' ಅಂದ. 'ಗೌಡರ ಮನಿಗಿ ಹೋಗ್ಯಾಳ' ಅಂದೆ. ಒಂದು ಗಿಡ ದಾಟೂದ ತಡ, ಮತ್ತ 'ನಿಮ್ಮವ್ವ ಎಲ್ಲಿ?' ಅಂದ. ಹಾದೀ ತುಂಬ ಅದೊಂದ ಮಾತು."

"ಈಗ ಎಲ್ಲಿ ಅದಾನೋ?"

"ಹೊಳಿಗಿ ಬಿಟ್ಟು ಬಂದೆ! ಕೆಲಸ ಮುಗದ ಮ್ಯಾಲ ಹೊಳಿದು ಹೊಳಿಗಿ ಅಂತ ನೀನ ಹೇಳಿದ್ದೆಲ್ಲ ಯವ್ವಾ?"

ಕಾಶವ್ವ ದಿನಗಟ್ಟಲೆ ಬಾಗಿಲಿಂದ ಹೊರಗಿಟ್ಟವನು ಒಳಗೆ ಬಂದಿದ್ದ, ಕೇಳಿದ್ದ, ಕಾದಿದ್ದ. ಅವಳು ಮನೆಯಲ್ಲಿರಲಿಲ್ಲ. ಮಗನ ಬೆನ್ನಿಗೆ ಗುದ್ದಿದಳು, ಗುದ್ದುತ್ತಲೇ ಅತ್ತಳು. "ಮನೀತನ ಬಂದಾವರನ್ನ ಹಂಗ ಕಳಸ್ತಾರೇನೋ ಪಾಪಿ! ಕುಂಡ್ರಸಬೇಕು! ಉಣ್ಣಾಕ ನೀಡಬೇಕು! ನಾ ಬಂದು ಹೋಗ್ರಿ ಅನ್ನೂತನಕ ಯಾರನ್ನೂ ಕಳಸಬಾರದು!"

"ಇಷ್ಟ ಹೌದಲ್ಲ?" ಅಂದ ದುಂಡ್ಯಾ, ಬೆನ್ನು ಉಜ್ಜಿಕೊಳ್ಳುತ್ತ. ಹೇಳುವುದು ಇನ್ನೂ ಒಂದಿತ್ತು. ಗುದ್ದು ತಿನ್ನುವುದರಲ್ಲಿ ಮರೆತ.

ಮುಂದಿನ ವಾರ ಬ್ಯಾಂಕಿನ ಗಂಡಹೆಂಡಿರ ಜಂಟಿ ಖಾತೆಗೆ ಪರಿಹಾರ ಬಂದಿದೆ ಅಂತ ತಿಳಿಯಿತು. ಕಾಶವ್ವ ಪೇಟೆಗೆ ಹೋಗಿ, ಉಸುಕು ತೆಗೆಯುವ ಟ್ರಾಕ್ಟರಿನವನಿಗೆ ಹೇಳಿ, ಬೀಜದ ಜೋಳ ಕೊಂಡು ತಲೆಯ ಮೇಲಿಟ್ಟುಕೊಂಡಳು. ಹೊಲ ಉಳಿಯಿತು! ಎಷ್ಟೋ ದಿನದ ಮೇಲೆ ಅವಳ ಕಾಲು ಹಗುರಾಗಿ ನಡೆದವು. ಮನೆ ಮುಟ್ಟಿದಾಗ ನೆತ್ತಿಯ ಮೇಲೆ ಸೂರ್ಯ.

ಅಂಗಳದಲ್ಲಿ ನೀರು ಹರಿಯುತ್ತಿತ್ತು, ಮನೆಯ ಒಳಗಿನಿಂದ ಹೊರಗೆ.

ಒಳಗೆ ಗೋಡೆಗುಂಟ ಪಂಕ್ತಿ ಕೂತಿತ್ತು. ಹನ್ನೆರಡು ಮಂದಿ. ಕೆಳಗಿನ ಊರಿನ ಅಂಬಿಗ, ಅವನ ತಮ್ಮ. ಸಂತೆಯಿಂದ ಮರಳುವಾಗ ಸೇತುವೆಯ ಮೇಲೆ ಕೊಚ್ಚಿಹೋದ ಬಳೆಗಾರ. ಮೇಕೆಯ ಹಗ್ಗ ಬಿಡದ ಮುದುಕಿ, ಮೇಕೆಯ ಸಮೇತ. ಎಲ್ಲರ ಬಟ್ಟೆಯಿಂದ ಟಪ್ ಟಪ್. ಎಲ್ಲರ ಮುಂದೆ ಮುತ್ತಲ ಎಲೆ. ನೀಡಿದ ಅನ್ನ ನೆಂದು ನೆಂದು ಕೆಸರಾಗಿತ್ತು. ದುಂಡ್ಯಾ ಸಾರಿನ ಸೌಟು ಹಿಡಿದು ಬೆವರುತ್ತಿದ್ದ.

"ಬಂದೆಲ್ಲ ಯವ್ವಾ! ನೀ ಬರೂತನಕ ಒಬ್ಬರನ್ನೂ ಕಳಿಸಿಲ್ಲ ನೋಡು!"

"ಯಾರೋ... ಯಾರು ಕರದ್ರೋ ಇವರನ್ನ?"

"ಕಾರಕೂನ ಯಾದಿ ಕೊಟ್ಟಿದ್ದ. 'ನಿನ್ನಂಥಾ ಶ್ಯಾಣ್ಯಾನ್ನ ನಾ ಎಲ್ಲೂ ನೋಡಿಲ್ಲ. ಹಿಂಗ ಸಿಗದ ಇನ್ನ ಹನ್ನೊಂದು ಮಂದಿ ಅದಾರ, ಸಾಹೇಬ್ರಿಗೆ ಹೇಳಿ ಅವರ ಕಾಗದ ತಡದು ಇಟ್ಟಿರತೇನಿ, ಅವರನ್ನೂ ಕರಕೊಂಡು ಬಾ' ಅಂದ. ದಂಡಿಗಿ ನಿಂತು ಓದಿದೆ. ಹನ್ನೊಂದು ಹೆಸರು ಓದಿದೆ. ಹನ್ನೆರಡು ಮಂದಿ ಬಂದ್ರು!"

ಪಂಕ್ತಿಯ ಕೊನೆಗೆ, ಯಾದಿಯಲ್ಲಿಲ್ಲದವನು, ಯಾರೂ ಕರೆಯದೆ ಬಂದವನು ಕೂತಿದ್ದ. ತಲೆಗೆ ಕೆಂಪು ಅಂಚಿನ ರುಮಾಲು. ಅವನು ಎಲೆ ನೋಡುತ್ತಿರಲಿಲ್ಲ, ಬಾಗಿಲನ್ನು ನೋಡುತ್ತಿದ್ದ.

ಕಾಶವ್ವ ಬೀಜದ ಚೀಲ ಇಳಿಸಿದಳು. ಪಂಕ್ತಿಯ ಮೊದಲಿನಿಂದ ಬಂದಳು. ಒಬ್ಬೊಬ್ಬರ ಮುಂದೆಯೂ ಕೈ ಮುಗಿದಳು. "ನಾಳೆ ಬರ್ರಿ ಅಣ್ಣಾ." ಅಂಬಿಗ ಎದ್ದು ಹೋದ. "ನಾಳೆ ಬಾರಪ್ಪಾ." ಬಳೆಗಾರ ಹೋದ. "ನಾಳೆ ಬಾರವ್ವಾ." ಮುದುಕಿ ಮೇಕೆ ಹಿಡಿದು ಹೋದಳು. ಹನ್ನೊಂದು ಜನ ಹೋದರು.

ಹನ್ನೆರಡನೆಯವನ ಮುಂದೆ ಬಂದು ನಿಂತಳು. ಅವನ ಮುಖ ನೋಡಿದಳು, ಕಣ್ತುಂಬ ನೋಡಿದಳು. ಕಿವಿಯ ಸಂದಿಯಲ್ಲಿ ಉಸುಕಿತ್ತು. ಸೆರಗಿನಿಂದ ಒರೆಸಿದಳು.

"ಕಾಶೀ, ನಾಳೆ?" ಅಂದ ಸಿದರಾಯ.

ಕಾಶವ್ವ ಹೂಂ ಅಂದಳು. ಅವನು ಎದ್ದು ಹೋದ.

ಆ ರಾತ್ರಿ ಅವಳು ಬಾಗಿಲು ಹಾಕಿಕೊಂಡು, ಬೆಳಗಾಗುತ್ತಲೇ ಆ "ಬಾ" ಅಕ್ಷರದ ಮೊದಲು ಮತ್ತೆ "ನಾಳೆ" ಬರೆಯಬೇಕು ಅಂದುಕೊಂಡು ಮಲಗಿದಳು. ಬೆಳಿಗ್ಗೆ ಇದ್ದಿಲು ಹಿಡಿದು ಪಡಸಾಲೆಗೆ ಬಂದರೆ, ದುಂಡ್ಯಾ ಆಗಲೇ ಜಳಕ ಮಾಡಿ, ನೆಲ ಸಾರಿಸಿ, ಗೋಡೆಗುಂಟ ಮುತ್ತಲ ಎಲೆ ಹಾಸುತ್ತಿದ್ದ. ಒಂದು, ಎರಡು, ಮೂರು. ಹನ್ನೆರಡು ಹಾಸಿದ. ಮೇಕೆಗೆ ಅಂತ ಒಂದು ಕಟ್ಟು ಹುಲ್ಲು ಬೇರೆ ಇಟ್ಟ.

"ಏನೋ ಇದು ದುಂಡ್ಯಾ!"

"ನಿನ್ನೆ ಎಲ್ಲಾರಿಗೂ ನೀನ ಹೇಳಿದೆಲ್ಲ ಯವ್ವಾ, ನಾಳೆ ಬರ್ರಿ ಅಂತ? ನಾಳೆ ಇವತ್ತ ಬಂತಲ್ಲ!"

ಕಾಶವ್ವ ಕೈ ಎತ್ತಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಕೈ ಅರ್ಧದಲ್ಲೇ ನಿಂತಿತು. ಮಗನನ್ನು ನೋಡಿದಳು. ಬಾಗಿಲ ಮೇಲೆ ಒಂಟಿಯಾಗಿದ್ದ "ಬಾ" ನೋಡಿದಳು. ಕೈಯಲ್ಲಿದ್ದ ಇದ್ದಿಲನ್ನು ಒಲೆಗೆ ಹಾಕಿ, ಹಂಚು ಇಟ್ಟಳು.

"ಹಿತ್ತಲಕ ಹೋಗಿ ಒಂದೀಟ ಪುಂಡಿಪಲ್ಯಾ ಕಿತ್ತಗೊಂಡು ಬಾ," ಅಂದಳು. "ನಿಮ್ಮಪ್ಪಗ ಅದು ಭಾಳ ಸೇರತೈತಿ."

ಇಷ್ಟೇ ನನಗೆ ಗೊತ್ತಿರುವುದು. ಹೂಂ ಅಂದಿರಾ? ಸರಿ. ಕತೆ ಸುರುವಾದಾಗ ಹದಿನಾಲ್ಕು ಎಣಿಸಿದ್ದೆ. ಈಗ ಇಪ್ಪತ್ತಾರು ಬಂತು. ಹೆದರಬೇಡಿ, ತಿರುಗಿ ನೋಡಬೇಡಿ. ಹಿಂದಿನ ಸಾಲಿನಲ್ಲಿರುವವರು ಮಾತ್ರ ಕಾಲು ಸ್ವಲ್ಪ ಮೇಲೆ ತಗೊಳ್ಳಿ, ನೆಲ ಒದ್ದೆಯಾಗಿದೆ.